ಕಿಡ್ನಿ ಪರೀಕ್ಷೆಗೆ ಎಂಆರ್‌ಐ: ಗಾಬರಿ ಬೇಡ, ಎಚ್ಚರ ಇರಲಿ

ಶ್ರೀರಂಗಪಟ್ಟಣದ ಕರಿಘಟ್ಟದ ಸುತ್ತಲಿನವರು ಕಿಡ್ನಿ ತೊಂದರೆಗೆ ಸಾಮಾನ್ಯವಾಗಿ ಮೈಸೂರು ಇಲ್ಲವೇ ಮಂಡ್ಯದ ದೊಡ್ಡಾಸ್ಪತ್ರೆಗೆ ಹೋಗಬೇಕು. ಅಲ್ಲಿ ಎಂಆರ್‌ಐ ಎಂದ ಕೂಡಲೇ ಹಲವರು ಹೆದರುತ್ತಾರೆ. ಇದರಲ್ಲಿ ಕ್ಷ-ಕಿರಣವಿಲ್ಲ, ಪ್ರಬಲ ಅಯಸ್ಕಾಂತ ಹಾಗೂ ರೇಡಿಯೋ ತರಂಗಗಳಿಂದ ಚಿತ್ರ ಮೂಡುತ್ತದೆ. ಯಂತ್ರದ ಸದ್ದು ಮಾತ್ರ ಜೋರು.

ರಕ್ತದ ಕ್ರಿಯಾಟಿನಿನ್ ಪರೀಕ್ಷೆ ಎರಡೂ ಕಿಡ್ನಿಗಳ ಒಟ್ಟು ಲೆಕ್ಕವನ್ನಷ್ಟೇ ಹೇಳುತ್ತದೆ. ಒಂದು ಸೊರಗಿದರೂ ಇನ್ನೊಂದು ಹೊರೆ ಹೊತ್ತು ಅದನ್ನು ಮರೆಮಾಚಬಹುದು. ಸುಧಾರಿತ ಎಂಆರ್‌ಐ ಪ್ರತಿಯೊಂದರ ರಕ್ತಸಂಚಾರ, ಆಮ್ಲಜನಕದ ಮಟ್ಟವನ್ನು ಬೇರೆಬೇರೆಯಾಗಿ ಅಂದಾಜಿಸಬಲ್ಲದು. ಆದರೆ ಈ ಅಳತೆಗಳು ಬಹುಮಟ್ಟಿಗೆ ಇನ್ನೂ ಸಂಶೋಧನೆಯ ಹಂತದಲ್ಲಿವೆ.

ಗೆಡ್ಡೆಗಳಿಗೆ ಈಗಾಗಲೇ ಇದರ ಬಳಕೆಯಿದೆ. ಜೀವಕೋಶಗಳು ಒತ್ತೊತ್ತಾಗಿರುವಲ್ಲಿ ನೀರಿನ ಕಣಗಳ ಓಡಾಟ ಕುಂಠಿತವಾಗುತ್ತದೆ. ಅದು ಚಿತ್ರದಲ್ಲಿ ಕಾಣುತ್ತದೆ. ನೀರುಗುಳ್ಳೆಯೋ, ಕೊಬ್ಬಿನ ಗೆಡ್ಡೆಯೋ, ಕ್ಯಾನ್ಸರ್ ಶಂಕೆಯೋ ಎಂದು ಬೇರ್ಪಡಿಸಲು ನೆರವಾಗುತ್ತದೆ. ಆದರೂ ಕೆಲವೊಮ್ಮೆ ಬಯಾಪ್ಸಿ ತಪ್ಪದು.

ಚಿತ್ರ ಸ್ಪಷ್ಟವಾಗಲು ಗ್ಯಾಡೊಲಿನಿಯಂ ಚುಚ್ಚುವುದುಂಟು. ಕಿಡ್ನಿ ತೀರಾ ಕುಗ್ಗಿದವರಲ್ಲಿ ಇದರ ಕೆಲವು ಹಳೆಯ ಬಗೆಗಳಿಗೂ ಚರ್ಮ ಬಿಗಿದು ಗಟ್ಟಿಯಾಗುವ ಕಾಯಿಲೆಗೂ ನಂಟಿದೆಯೆಂದು 2006ರಲ್ಲಿ ತಿಳಿಯಿತು. ಹೊಸ ಬಗೆಗಳಲ್ಲಿ ಅಪಾಯ ಬಹಳ ಕಡಿಮೆ. ಡಯಾಲಿಸಿಸ್‌ನಲ್ಲಿರುವವರೂ ಪೇಸ್‌ಮೇಕರ್ ಇರುವವರೂ ಸ್ಕ್ಯಾನ್ ಕೋಣೆಗೆ ಹೋಗುವ ಮುನ್ನವೇ ಸಿಬ್ಬಂದಿಗೆ ಹೇಳಬೇಕು; ಹಳೆಯ ರಿಪೋರ್ಟುಗಳನ್ನೂ ಜೊತೆಗೊಯ್ಯಿರಿ.