ಹುಟ್ಟು ಎತ್ತಿಡಿ, ಹೊಳೆ ಸಿಡಿಯುವುದನ್ನು ಕೇಳಿ!

ಚಟ್! ಚಟ್ ಚಟ್! ಚಟಚಟಚಟ!

ಕಾದ ಎಣ್ಣೆಗೆ ಸಾಸಿವೆ ಬಿದ್ದ ಹಾಗೆ. ಆದರೆ ಇಲ್ಲಿ ಒಲೆಯಿಲ್ಲ, ಬಾಣಲೆಯಿಲ್ಲ. ಸುತ್ತ ನೀರು, ನೀರಿನ ಎರಡೂ ಕಡೆ ಕಾಂಡ್ಲಾ (ಮ್ಯಾಂಗ್ರೋವ್) ಗಿಡ, ನಡುವೆ ಕಯಾಕ್‌ನಲ್ಲಿ ಕಾಲು ಚಾಚಿ ಕೂತ ನಾವು. ಸದ್ದು ಬರುತ್ತಿರುವುದು ಕೂತ ಜಾಗದ ಕೆಳಗಿನಿಂದ!

“ಹ್ವಾಯ್, ಹುಟ್ಟ್ ಎತ್ತಿ ಒಳ್ಗಿಡಿ. ಮಾತಾಡ್ಬೇಡಿ. ಕೆಮಿ ಕೊಟ್ಟ್ ಕೇಣಿ” ಎಂದರು ಪಕ್ಕದ ಕಯಾಕ್‌ನಲ್ಲಿದ್ದ ಸ್ಥಳೀಯ ಮೀನುಗಾರರು. ಕೇಳಿದೆ. ಮತ್ತೆ ಚಟ್! ಮತ್ತೆ ಚಟಚಟ! ಹೊಳೆಯ ತಳಕ್ಕೆ ತಳವೇ ಸಿಡಿಯುತ್ತಿದೆ!

ಏನದು? ಊಹಿಸಿ ನೋಡೋಣ. ನೀರಗುಳ್ಳೆ? ಅಲ್ಲ. ಕಪ್ಪೆಚಿಪ್ಪು ಬಾಯಿ ತೆರೆಯುವ ಸದ್ದು? ಅಲ್ಲ. ಮರದ ಬೇರು? ಅದೂ ಅಲ್ಲ. ಸುಳಿವು ಒಂದು ಕೊಡುತ್ತೇನೆ: ಅದರ ನೆಂಟರನ್ನು ನೀವು ಗಸಿ ಮಾಡಿ ತಿಂದಿರುತ್ತೀರಿ.

ಉತ್ತರಕ್ಕೆ ಸ್ವಲ್ಪ ತಾಳಿ. ಮೊದಲು ಜಾಗ ಹೇಳಿಬಿಡುತ್ತೇನೆ, ಆಮೇಲೆ ಮರೆತುಹೋಗುತ್ತದೆ.

ಉಡುಪಿಯಿಂದ ಕುಂದಾಪುರಕ್ಕೆ ಹೋಗುವ ಹೆದ್ದಾರಿ. ನಡುವೆ ಸಾಲಿಗ್ರಾಮ. ಗುರುನರಸಿಂಹನಿಗೆ ಕೈಮುಗಿದು ಪಡುವಣಕ್ಕೆ ತಿರುಗಿದರೆ ಪಾರಂಪಳ್ಳಿ. ಅಲ್ಲೇ ಸೀತಾ ನದಿಯ ಹಿನ್ನೀರು. ಅಷ್ಟೇ! ಆಗುಂಬೆಯ ಕಾಡಿನ ಕಡೆಯಿಂದ ಇಳಿದು ಬಂದ ಸೀತೆ ಕಡಲು ಸೇರುವ ಮೊದಲು ಇಲ್ಲಿ ಕಾಂಡ್ಲಾ ಕಾಡಿನೊಳಗೆ ಸುತ್ತಿ ಬಳಸಿ ಸುಳಿಯುತ್ತಾಳೆ. ಮುಂದೆ ಕೋಡಿ ಬೆಂಗ್ರೆಯ ಬಳಿ ಸ್ವರ್ಣೆಯೂ ಜೊತೆಯಾಗಿ ಇಬ್ಬರೂ ಅರಬ್ಬೀ ಸಮುದ್ರಕ್ಕೆ. ಶಿವರಾಮ ಕಾರಂತರ ಕೋಟ ಇಲ್ಲಿಗೆ ಕೂಗಳತೆ. ಹೆದ್ದಾರಿಯಲ್ಲಿ ಬಸ್ಸಿನಲ್ಲಿ ಹೋಗುವವರಿಗೆ ಇದ್ಯಾವುದರ ಸುಳಿವೂ ಸಿಗುವುದಿಲ್ಲ. ನನಗೂ ವರ್ಷಗಟ್ಟಲೆ ಸಿಕ್ಕಿರಲಿಲ್ಲ!

ಈಗ ಉತ್ತರ.

ಸೀಗಡಿ! ಹೌದು, ಚಟ್ಲಿ! ಪಿಸ್ತೂಲ್ ಸೀಗಡಿ ಅನ್ನುತ್ತಾರೆ. ಉದ್ದ ಮೂರು ನಾಲ್ಕು ಸೆಂಟಿಮೀಟರ್. ಎರಡು ಕೊಂಡಿಗಳಲ್ಲಿ ಒಂದು ಮಾತ್ರ ದೈತ್ಯ. ಆ ಕೊಂಡಿಯನ್ನು ತೆರೆದು ಹಿಡಿಯುತ್ತದೆ, ಗುರಿ ಇಡುತ್ತದೆ, ಟಪ್ಪನೆ ಮುಚ್ಚುತ್ತದೆ. ಮುಂದೆ ಹೋಗುತ್ತಿದ್ದ ಪುಟ್ಟ ಮೀನು ಮೂರ್ಛೆ!

ಕೊಂಡಿ ಮೀನಿಗೆ ತಾಗಲೇ ಇಲ್ಲ. ಮತ್ತೆ ಹೊಡೆದದ್ದು ಯಾವುದು?

ನೀರು! ಮುಚ್ಚಿದ ಕೊಂಡಿಯಿಂದ ಚಿಮ್ಮುವ ನೀರಿನ ವೇಗ ಎಷ್ಟಿರಬಹುದು? ಹೇಳಿ. ಸೈಕಲ್ಲಿನಷ್ಟು? ಇನ್ನೂ ಮೇಲೆ. ಆಟೊರಿಕ್ಷಾ? ಇನ್ನೂ ಮೇಲೆ! ಸೆಕೆಂಡಿಗೆ 25 ಮೀಟರ್. ಅಂದರೆ ಗಂಟೆಗೆ 90 ಕಿಲೋಮೀಟರ್! ನೀರು ಇಷ್ಟು ಜೋರಾಗಿ ನುಗ್ಗಿದಾಗ ಅದರ ಒತ್ತಡ ಕುಸಿದು ಒಂದು ಗುಳ್ಳೆ ಹುಟ್ಟುತ್ತದೆ. ಮರುಕ್ಷಣ ಆ ಗುಳ್ಳೆ ಕುಗ್ಗಿ ಸಿಡಿಯುತ್ತದೆ. ನಾವು ಕೇಳುವ ‘ಚಟ್’ ಅದೇ! ಕೊಂಡಿಯ ಎರಡು ದವಡೆ ಬಡಿದುಕೊಂಡ ಸದ್ದು ಎಂದೇ ಎಲ್ಲರೂ ನಂಬಿದ್ದರು. ಅದಲ್ಲ, ಗುಳ್ಳೆ ಸಿಡಿದ ಸದ್ದು ಎಂದು ವಿಜ್ಞಾನಿಗಳು ಕ್ಯಾಮೆರಾ ಹಿಡಿದು ತೋರಿಸಿದ್ದು 2000ದಲ್ಲಿ.

ಮುಗಿಯಿತು ಅಂದುಕೊಂಡಿರಾ? ಇಲ್ಲ!

2001ರಲ್ಲಿ ಇನ್ನೊಂದು ಸಂಗತಿ ಹೊರಬಿತ್ತು. ಆ ಗುಳ್ಳೆ ಕುಸಿಯುವಾಗ ಬೆಳಕು ಹೊಮ್ಮುತ್ತದೆ! ಕಣ್ಣಿಗೆ ಕಾಣದಷ್ಟು ಕ್ಷೀಣ, ಒಂದು ಸೆಕೆಂಡಿನ ಹತ್ತು ಕೋಟಿಯಲ್ಲಿ ಒಂದು ಪಾಲಿನಷ್ಟೂ ನಿಲ್ಲದ ಬೆಳಕು. ಬೆಳಕು ಹೊಮ್ಮಬೇಕಾದರೆ ಒಳಗೆ ಶಾಖ ಎಷ್ಟಿರಬೇಕು? ನೂರು ಡಿಗ್ರಿ? ಸಾವಿರ? ಕಯಾಕ್ ಗಟ್ಟಿಯಾಗಿ ಹಿಡಿದುಕೊಳ್ಳಿ. ಕಡಿಮೆ ಎಂದರೂ 4,700 ಡಿಗ್ರಿ ಸೆಲ್ಸಿಯಸ್! ಸೂರ್ಯನ ಮೇಲ್ಮೈ ಇರುವುದು ಸುಮಾರು 5,500.

ಪಾರಂಪಳ್ಳಿ ಹೊಳೆಯ ಕೆಸರಿನಲ್ಲಿ! ನಮ್ಮ ಕಾಲ ಕೆಳಗೆ! ಒಂದಲ್ಲ, ಲೆಕ್ಕ ಸಿಗದಷ್ಟು!

ಎರಡನೇ ಮಹಾಯುದ್ಧದ ಕಾಲಕ್ಕೆ ಜಲಾಂತರ್ಗಾಮಿಗಳನ್ನು ಹುಡುಕಲು ನೀರಿಗೆ ಕಿವಿಯಿಟ್ಟ ಅಮೆರಿಕದ ನೌಕಾಪಡೆಗೆ ಈ ಚಟಪಟವೇ ತಲೆನೋವಾಗಿತ್ತು. ಅಂಥ ಸೀಗಡಿಯ ದೊಡ್ಡ ಕೊಂಡಿ ಜಗಳದಲ್ಲಿ ಮುರಿದುಹೋದರೆ? ಚಿಂತೆಯಿಲ್ಲ. ಈಚೆ ಬದಿಯ ಸಣ್ಣ ಕೊಂಡಿಯೇ ಬೆಳೆದು ಪಿಸ್ತೂಲಾಗುತ್ತದೆ! ಮುರಿದ ಕಡೆ ಸಣ್ಣದು ಚಿಗುರುತ್ತದೆ. ಎಡಚ ಬಲಚನಾದ!

ಇದೆಲ್ಲ ಮೋಟಾರು ದೋಣಿಯಲ್ಲಿ ಹೋದರೆ ಸಿಗುತ್ತದೆಯೇ? ಖಂಡಿತ ಇಲ್ಲ. ಎಂಜಿನ್ ಗುರುಗುಟ್ಟಿದರೆ ಹೊಳೆ ಬಾಯಿ ಮುಚ್ಚುತ್ತದೆ. ಪಾತಿ ದೋಣಿಗೂ ಕಯಾಕ್‌ಗೂ ಮಾತ್ರ ಈ ಭಾಗ್ಯ. ಕಯಾಕ್ ಮೊಳಕಾಲು ಮುಳುಗದ ನೀರಿನಲ್ಲೂ ಸಾಗುತ್ತದೆ, ಬೇರುಗಳ ಸಂದಿಯಲ್ಲೂ ನುಸುಳುತ್ತದೆ. ಈಜು ಬಾರದವರೂ ಹೋಗಬಹುದು, ಲೈಫ್ ಜಾಕೆಟ್ ಬಿಗಿದುಕೊಂಡರೆ ಸಾಕು. ಒಂದು ಕೋರಿಕೆ ಮಾತ್ರ: ಹಾಡು ಹಚ್ಚುವ ಸ್ಪೀಕರ್ ದಡದಲ್ಲೇ ಬಿಟ್ಟು ಬನ್ನಿ. ದಯವಿಟ್ಟು!

ಯಾವ ಹೊತ್ತಿಗೆ ಹೋಗಬೇಕು? ಬೆಳಿಗ್ಗೆ ಎನ್ನುತ್ತೀರಿ, ಸಂಜೆ ಎನ್ನುತ್ತೀರಿ. ಗಡಿಯಾರ ಬಿಡಿ, ನೀರನ್ನು ಕೇಳಿ! ಒಂದು ಭರತದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ಇವತ್ತಿನ ಹೊತ್ತು ನಾಳೆಗಿಲ್ಲ. ಭರತದಲ್ಲಿ ಹೋದರೆ ಕಾಂಡ್ಲಾದ ಕೊಂಬೆಗಳ ನಡುವೆಯೇ ತೇಲಬಹುದು. ನನ್ನನ್ನು ಕೇಳಿದರೆ ಇಳಿತದ ಹೊತ್ತೇ ಸರಿ. ನೀರು ಸರಿದು ಕೆಸರು ಹೊರಬಂತೋ, ಆಟ ಶುರು!

ಅದೋ, ಅಲ್ಲಿ! ಕೆಸರಿನ ಮೇಲೆ ಏನೋ ಕುಪ್ಪಳಿಸಿತು. ಕಪ್ಪೆ? ಅಲ್ಲ. ಓತಿಕ್ಯಾತ? ಅಲ್ಲ. ಮೀನು! ನೀರು ಬಿಟ್ಟು ನೆಲದ ಮೇಲೆ ಓಡಾಡುವ ಮೀನು! ಮಡ್‌ಸ್ಕಿಪ್ಪರ್. ಎದೆಯ ಈಜುರೆಕ್ಕೆ ಊರಿಕೊಂಡು ತೆವಳುತ್ತದೆ, ಬಾಲ ಬಡಿದು ಹಾರುತ್ತದೆ, ಒದ್ದೆ ಚರ್ಮದಿಂದಲೂ ಉಸಿರಾಡುತ್ತದೆ.

ಕಯಾಕ್‌ನ ಮೂತಿ ದಡಕ್ಕೆ ತಾಗಿಸಿ ಒಂದನ್ನು ಹತ್ತಿರದಿಂದ ನೋಡಿದೆ. ನೆತ್ತಿಯ ಮೇಲೆ ಎರಡು ಗುಂಡು ಕಣ್ಣು. ಮೈಮೇಲೆ ಕೆಸರಿನದೇ ಬಣ್ಣ. ನಾನು ನೋಡುತ್ತಿದ್ದಂತೆ ಕಣ್ಣು ಗುಳುಂ ಎಂದು ತಲೆಯೊಳಗೆ ಮುಳುಗಿತು! ಮತ್ತೆ ಮೇಲೆ ಬಂತು! ಮಿಟುಕಿಸಿತು! ಮೀನು ಕಣ್ಣು ಮಿಟುಕಿಸುವುದನ್ನು ಎಲ್ಲಾದರೂ ಕಂಡಿದ್ದೀರಾ? ರೆಪ್ಪೆಯೇ ಇಲ್ಲವಲ್ಲ! ಕಣ್ಣನ್ನೇ ಕೆಳಗೆ ಎಳೆದುಕೊಂಡು ಒದ್ದೆ ಮಾಡಿ ಮೇಲಕ್ಕೆ ತರುವ ಉಪಾಯ ಇದು. ಕಣ್ಣು ಒಣಗದಿರಲು, ಕೊಳೆ ತೊಳೆಯಲು, ಪೆಟ್ಟು ತಪ್ಪಿಸಲು. ನಾವು ಮಿಟುಕಿಸುವುದೂ ಇದೇ ಮೂರು ಕಾರಣಕ್ಕೆ! 2023ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದನ್ನೇ ಹೇಳಿತು: ನೀರಿನಿಂದ ನೆಲಕ್ಕೆ ಬಂದವರಿಗೆ ಮಿಟುಕಿಸುವುದು ಅನಿವಾರ್ಯ, ಮೀನಾದರೂ ಸರಿ, ನಮ್ಮ ಪೂರ್ವಜರಾದರೂ ಸರಿ.

ಇವುಗಳ ಸಂಸಾರದ ಕಥೆ ಇನ್ನೂ ಸೊಗಸು. ಜಪಾನಿನ ಕೆಸರುದಂಡೆಯ ಜಾತಿಯೊಂದನ್ನು ಬಿಲದೊಳಗೆ ಕ್ಯಾಮೆರಾ ಇಳಿಸಿ ನೋಡಿದ್ದಾರೆ. ಮೊಟ್ಟೆ ಇರುವುದು ಕೆಸರಿನ ಆಳದ ಕೋಣೆಯಲ್ಲಿ. ಅಲ್ಲಿನ ನೀರಿನಲ್ಲಿ ಆಮ್ಲಜನಕ ತೀರಾ ಕಡಿಮೆ. ಮೊಟ್ಟೆ ಬದುಕುವುದು ಹೇಗೆ? ಅಪ್ಪ ಮೇಲೆ ಬರುತ್ತಾನೆ, ಬಾಯಿ ತುಂಬ ಗಾಳಿ ನುಂಗುತ್ತಾನೆ, ಒಳಗೆ ಹೋಗಿ ಉಗುಳುತ್ತಾನೆ. ಮತ್ತೆ ಮೇಲೆ. ಮತ್ತೆ ಒಳಗೆ. ಕೋಣೆಯ ತುಂಬ ಗಾಳಿ! ಮರಿಯಾಗುವ ದಿನ ಬಂದಾಗ ಏನು ಮಾಡುತ್ತಾನೆ ಗೊತ್ತೇ? ರಾತ್ರಿ ಭರತದ ನೀರು ಬಿಲದ ಬಾಯಿಗೆ ಬಂದ ಹೊತ್ತು ನೋಡಿ, ತುಂಬಿಟ್ಟ ಗಾಳಿಯನ್ನೆಲ್ಲ ಬಾಯಲ್ಲೇ ಹೊತ್ತು ಹೊರಹಾಕುತ್ತಾನೆ! ನೀರು ಒಳನುಗ್ಗುತ್ತದೆ, ಮೊಟ್ಟೆ ಒಡೆಯುತ್ತದೆ, ಮರಿಗಳು ಈಜಿ ಹೊರಡುತ್ತವೆ.

ಎಂಥ ಅಪ್ಪ!

ಪಕ್ಕದಲ್ಲೇ ಇನ್ನೊಬ್ಬ ನಿಂತಿದ್ದಾನೆ, ಕೈ ಬೀಸುತ್ತ. ಪಿಟೀಲು ಏಡಿ. ಗಂಡಿಗೆ ಒಂದು ಕೊಂಡಿ ಪುಟಾಣಿ, ಇನ್ನೊಂದು ಮೈಯಷ್ಟೇ ದೊಡ್ಡದು. ಬೀಸುವುದು ಹೆಣ್ಣನ್ನು ಕರೆಯಲು, ಎದುರಾಳಿಯನ್ನು ಹೆದರಿಸಲು. ಆ ಕೊಂಡಿ ಮುರಿದರೆ ಮತ್ತೆ ಬೆಳೆಯುತ್ತದೆ. ಆದರೆ ಹೊಸ ಕೊಂಡಿ ಪೊಳ್ಳು! ಉದ್ದ ಅಷ್ಟೇ, ತೂಕ ಕಡಿಮೆ, ಬಲವೂ ಕಡಿಮೆ. ಎದುರಾಳಿಗೆ ಗೊತ್ತಾಗುತ್ತದೆಯೇ? ಇಲ್ಲ! ಹೆಣ್ಣಿಗೆ? ಅವಳಿಗೂ ಇಲ್ಲ! ನಮ್ಮ ದೇಶದ ಕರಾವಳಿಯಲ್ಲೂ ಇರುವ ಜಾತಿಯೊಂದರಲ್ಲಿ ಈ ಮೋಸವನ್ನು ಸಂಶೋಧಕರು ಪತ್ತೆ ಹಚ್ಚಿದ್ದು 2000ದಲ್ಲಿ. ನಿಮ್ಮೆದುರು ಜಂಬದಿಂದ ಕೈ ಬೀಸುವವನದು ಅಸಲಿಯೋ ನಕಲಿಯೋ, ನೀವೂ ಹೇಳಲಾರಿರಿ!

ಇನ್ನು ಗಿಡಗಳು. ಗಿಡದಲ್ಲೇನು ನೋಡುವುದು ಅನ್ನಬೇಡಿ. ಕಾಂಡ್ಲಾದ ಜೊತೆಗೇ ಬೆಳೆಯುವ ಉಪ್ಪಟ್ಟಿಯ ಒಂದು ಎಲೆ ಹತ್ತಿರಕ್ಕೆ ಎಳೆದುಕೊಳ್ಳಿ. ಕೀಳಬೇಡಿ. ಸುಮ್ಮನೆ ನಾಲಿಗೆಗೆ ತಾಗಿಸಿ. ಉಪ್ಪು! ಹೀರಿದ ಉಪ್ಪನ್ನು ಎಲೆಯಿಂದಲೇ ಬೆವರಿಸಿ ಹೊರಗೆ ಹಾಕುತ್ತದೆ. ಪಕ್ಕದ ಕಾಂಡ್ಲಾದ ಎಲೆಗೆ ಆ ರುಚಿ ಇರುವುದಿಲ್ಲ. ಅದು ಬೇರಿನಲ್ಲೇ ಸೋಸಿಬಿಡುತ್ತದೆ, ಶೇ. 90ಕ್ಕೂ ಹೆಚ್ಚು ಉಪ್ಪು ಒಳಗೇ ಬರುವುದಿಲ್ಲ!

ಉಪ್ಪಟ್ಟಿಯ ಬುಡದ ಸುತ್ತ ಕೆಸರಿನಿಂದ ಮೇಲೆದ್ದ ಕಡ್ಡಿಗಳು ಕಂಡವೇ? ಅವು ಬೇರುಗಳು. ತಲೆ ಮೇಲೆತ್ತಿ ಉಸಿರಾಡುತ್ತಿವೆ. ಈ ಕುಲದ ಎರಡು ಮೂರು ಮೀಟರ್ ಎತ್ತರದ ಒಂದೇ ಗಿಡಕ್ಕೆ ಇಂಥವು ಎಷ್ಟು? ನೂರು ಅಂದಿರಾ? ಐನೂರು? 10,000 ದಾಟುವುದುಂಟು!

ಕಾಂಡ್ಲಾ ಇನ್ನೂ ಒಂದು ಹೆಜ್ಜೆ ಮುಂದೆ. ಅದರ ಬೀಜ ಮರದಲ್ಲೇ ಮೊಳೆಯುತ್ತದೆ. ಹಸಿರು ಕೋಲು ಕೊಂಬೆಯಿಂದ ಮೊಳದುದ್ದ ಜೋತು ಬೀಳುತ್ತದೆ. ಕಳಚಿ ಬಿದ್ದಾಗ ಕೆಳಗೆ ಕೆಸರಿದ್ದರೆ ಅಲ್ಲೇ ನಾಟಿಕೊಳ್ಳುತ್ತದೆ. ನೀರಿದ್ದರೆ ತೇಲುತ್ತ ಹೊರಡುತ್ತದೆ, ತಿಂಗಳುಗಟ್ಟಲೆ ಜೀವ ಹಿಡಿದುಕೊಂಡು!

ಇಂಥ ಕಾಡು ಇಡೀ ಕರ್ನಾಟಕದಲ್ಲಿ ಎಷ್ಟಿದೆ? ಸುಮಾರು 300 ಕಿಲೋಮೀಟರ್ ಉದ್ದದ ಕರಾವಳಿ ನಮ್ಮದು. ಧಾರಾಳವಾಗಿ ಊಹಿಸಿ. ಭಾರತದ ಅರಣ್ಯ ಸ್ಥಿತಿಯ 2021ರ ವರದಿಯ ಪ್ರಕಾರ 13 ಚದರ ಕಿಲೋಮೀಟರ್. ಬರೀ 13! ಪಶ್ಚಿಮ ಬಂಗಾಳದಲ್ಲಿ 2,114.

ಇದನ್ನು ಓದಿ ನನಗೆ ಬೇಸರವಾಗಬೇಕಿತ್ತು. ಆದರೆ ಕಯಾಕ್‌ನಲ್ಲಿ ಕೂತವನಿಗೆ ಅನಿಸಿದ್ದೇ ಬೇರೆ. ಆ 13ರಲ್ಲಿ ಒಂದು ತುಣುಕಿನೊಳಗೆ ನಾನಿದ್ದೇನೆ!

ತಲೆಯೆತ್ತಿ. ಗರುಡ ಸುತ್ತುತ್ತಿದೆ, ಬಿಳಿ ಎದೆ, ಇಟ್ಟಿಗೆ ಬಣ್ಣದ ರೆಕ್ಕೆ. ಮಿಂಚುಳ್ಳಿ ಕಣ್ಣೆದುರೇ ಹಾದುಹೋಯಿತು. ಚಳಿಗಾಲವಾದರೆ ಅಳಿವೆಯ ಕಡೆ ಕಡಲಕ್ಕಿಗಳ ಹಿಂಡು. ಕಂದುತಲೆಯ ಕಡಲಕ್ಕಿ ಎಂದು ಹೆಸರು, ಇಲ್ಲಿ ನೋಡಿದರೆ ತಲೆ ಬೆಳ್ಳಗೆ, ಕಿವಿಯ ಹತ್ತಿರ ಒಂದು ಕಪ್ಪು ಚುಕ್ಕಿ ಅಷ್ಟೇ! ಕಂದು ಬಣ್ಣ ಏರುವುದು ಮರಿ ಮಾಡುವ ಕಾಲಕ್ಕೆ. ಮರಿ ಮಾಡುವುದೆಲ್ಲಿ? ಟಿಬೆಟ್, ಲಡಾಖ್ ಕಡೆಯ ಎತ್ತರದ ಸರೋವರಗಳಲ್ಲಿ! ಹಿಮಾಲಯದ ಆಚೆಯಿಂದ ಬಂದು ಬೆಂಗ್ರೆಯ ಮೀನು ತಿನ್ನುತ್ತಿವೆ.

ಮೀನು ಅಂದೆನಲ್ಲ. ಈಗ ಗಾಳಕ್ಕೆ ಬರೋಣ.

ಜೂನ್, ಜುಲೈಯಲ್ಲಿ ಯಾಂತ್ರಿಕ ದೋಣಿಗಳಿಗೆ 61 ದಿನ ಕಡಲು ನಿಷೇಧ. ಆಗ ಬೀಸುಬಲೆಯವರಿಗೂ ಗಾಳದವರಿಗೂ ಹೊಳೆಮೀನೇ ಗತಿ. ಆ ಮಳೆಯ ಕೆಂಪು ನೀರಿನ ಸೆಳೆತದಲ್ಲಿ ಕಯಾಕ್ ಬೇಡವೇ ಬೇಡ. ಮಳೆ ಹಿಂದೆ ಸರಿದ ಮೇಲೆ ಬನ್ನಿ. ಭರತ ತಿರುಗುವ ಹೊತ್ತಿಗೆ ಕಾಂಡ್ಲಾ ಬೇರಿನ ಪಕ್ಕ ಜೀವಂತ ಚಟ್ಲಿ ಸಿಕ್ಕಿಸಿದ ಗಾಳ ಇಳಿಬಿಡಿ. ಕೆಂಬೇರಿ ಕಚ್ಚಬಹುದು. ನಸೀಬು ನೆಟ್ಟಗಿದ್ದರೆ, ಢಬ್! ಕುರುಡಿ! ಹೋಟೆಲಿನವರು ಸೀಬಾಸ್ ಎನ್ನುವ ಅದೇ ಮೀನು. ದೊಡ್ಡದಾದರೆ ಕಯಾಕನ್ನೇ ಎಳೆದುಕೊಂಡು ಹೊರಡುತ್ತದೆ.

ಕೊನೆಯ ಪ್ರಶ್ನೆ. ಅಷ್ಟು ದೊಡ್ಡ ಕುರುಡಿ ಗಂಡೋ ಹೆಣ್ಣೋ?

ಹೆಣ್ಣು! ಬಹುಮಟ್ಟಿಗೆ ಯಾವಾಗಲೂ ಹೆಣ್ಣೇ! ಹೇಗೆ ಅಷ್ಟು ಖಚಿತ? ಏಕೆಂದರೆ ಕುರುಡಿ ಬಲಿಯುವುದು ಗಂಡಾಗಿ. ಮೂರು ನಾಲ್ಕು ವರ್ಷಕ್ಕೆ ಪ್ರಾಯ. ಕೆಲವು ವರ್ಷ ಗಂಡಾಗಿಯೇ ಸಂಸಾರ. ಆಮೇಲೆ, ಆರೇಳು ವರ್ಷದ ಹೊತ್ತಿಗೆ, ಅದೇ ಮೀನು ಹೆಣ್ಣಾಗುತ್ತದೆ! ಅಪ್ಪನಾಗಿದ್ದದ್ದು ಅಮ್ಮ! ದೊಡ್ಡ ಹೆಣ್ಣೊಂದು ಇಡುವ ಮೊಟ್ಟೆ ಕೋಟಿಯ ಲೆಕ್ಕದಲ್ಲಿ. ಅಳಿವೆಯ ಉಪ್ಪುನೀರಿನಲ್ಲಿ ಇಟ್ಟ ಮೊಟ್ಟೆಯ ಮರಿಗಳು ಭರತದೊಂದಿಗೆ ಇದೇ ಕಾಂಡ್ಲಾ ಬುಡಕ್ಕೆ ಬಂದು ಬೆಳೆಯುತ್ತವೆ.

ಹಾಗಾದರೆ ದೊಡ್ಡ ಕುರುಡಿ ಸಿಕ್ಕರೆ ಫೋಟೊ ತೆಗೆದು ವಾಪಸ್ ಹೊಳೆಗೇ ಬಿಡಬೇಕಲ್ಲವೇ? ಸಣ್ಣದರಲ್ಲೇ ಸಾರು ಮಾಡಿಕೊಳ್ಳಬಹುದಲ್ಲ? ಉತ್ಸಾಹ ತಡೆಯಲಾರದೆ ಪಕ್ಕದ ಕಯಾಕ್‌ನವರಿಗೆ ಇಷ್ಟನ್ನೂ ಒದರಿದೆ. ಅವರು ಗಾಳದ ದಾರ ಸುತ್ತುತ್ತ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

“ಬಿಟ್ಟಿಕ್ಕಿ ಹೋರೆ ಮನಿಯೊಳ್ಗ್ ಸೇರ್ಸ್ತ್ರಾ ಮರ್ರೆ!”