ಗೊಂಬೆ ಹಿಡಿದರೆ ಬಾಯಿ ಬಿಡುವ ಮಕ್ಕಳು

ಮೀಲಾದ್ ವೇದಿಕೆಯಲ್ಲಿ ಏಳೆಂಟು ವರ್ಷದ ಮಕ್ಕಳು ಐದು ನಿಮಿಷದ ಭಾಷಣವನ್ನು ಒಂದೇ ಉಸಿರಿಗೆ ಒಪ್ಪಿಸಿ ಇಳಿಯುವುದು ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆ ಎಲ್ಲರೂ ಕಂಡದ್ದೇ. ಸಲಾಂನಿಂದ ಸಲಾಂ ತನಕ ಒಂದಕ್ಷರ ತಪ್ಪುವುದಿಲ್ಲ. ಕೆಳಗಿಳಿದ ಮೇಲೆ ಯಾರಾದರೂ "ಮೋನೆ, ಯಾವುದರ ಬಗ್ಗೆ ಮಾತಾಡಿದ್ದು?" ಎಂದು ಕೇಳಿದರೆ ಮಾತ್ರ ಮಗು ಉಮ್ಮನ ಹಿಂದೆ ಅಡಗುತ್ತದೆ. ಬಾಯಿಪಾಠ ಬಂತು, ಮಾತು ಬರಲಿಲ್ಲ.

ಗಡಿನಾಡಿನ ಮಗುವಿಗೆ ಭಾಷೆಗೇನೂ ಬರವಿಲ್ಲ. ಮನೆಯಲ್ಲಿ ಬ್ಯಾರಿ, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ತುಳು, ಸರಕಾರಿ ಕಚೇರಿಯಲ್ಲಿ ಮಲಯಾಳ, ಮದ್ರಸದಲ್ಲಿ ಅರಬಿ. ಕಷ್ಟ ಇರುವುದು ಬೇರೆ ಕಡೆ. ಬ್ಯಾರಿ ಮಾತಿನಲ್ಲಿ ಲ-ಳ, ನ-ಣ ಎಂಬ ಭೇದ ಇಲ್ಲ. ಹಾಗಾಗಿ ಕನ್ನಡ ತರಗತಿಯಲ್ಲಿ 'ನಮ್ಮ ಹಳ್ಳಿ' ಎನ್ನಲು ಹೋದ ಮಗು 'ನಮ್ಮ ಹಲ್ಲಿ' ಎನ್ನುತ್ತದೆ, ಇಡೀ ತರಗತಿ ನಗುತ್ತದೆ. ಇದು ದಡ್ಡತನವಲ್ಲ, ಮನೆಮಾತಿನ ಗುಣ. ಆದರೆ ಒಮ್ಮೆ ಆ ನಗು ಕೇಳಿದ ಮಗು ಮುಂದಿನ ಸಲ ಕೈ ಎತ್ತುವುದಿಲ್ಲ. ಹತ್ತನೇ ತರಗತಿ ಮುಗಿಯುವಾಗಲೂ, ಮುಂದೆ ಕೆಲಸದ ಸಂದರ್ಶನಕ್ಕೆ ಹೋಗುವಾಗಲೂ ಆ ಕೈ ಕೆಳಗೇ ಇರುತ್ತದೆ.

ಇಲ್ಲಿ ಗೊಂಬೆ ಕೆಲಸಕ್ಕೆ ಬರುತ್ತದೆ. ದುಬಾರಿಯದ್ದೇನೂ ಬೇಡ. ಹಳೇ ಕಾಲುಚೀಲಕ್ಕೆ ಎರಡು ಗುಂಡಿ ಹೊಲಿದು ಕೈಗೆ ಹಾಕಿದರೆ ಹೆಬ್ಬೆರಳು ಕೆಳದವಡೆ, ಉಳಿದ ನಾಲ್ಕು ಬೆರಳು ಮೇಲ್ದವಡೆ. ಅಡಿಕೆ ಹಾಳೆ ಕತ್ತರಿಸಿ ಕೋಲಿಗೆ ಸಿಕ್ಕಿಸಿದರೂ ಆಯ್ತು. ಮಗು ಮಾತಾಡುವಾಗ ನೋಡುವವರ ಕಣ್ಣು ಮಗುವಿನ ಮುಖದ ಮೇಲಿಲ್ಲ, ಗೊಂಬೆಯ ಮೇಲಿದೆ. ತಪ್ಪಿದರೆ ತಪ್ಪಿದ್ದು ಗೊಂಬೆ. ಇಷ್ಟಕ್ಕೇ ಅರ್ಧ ಹೆದರಿಕೆ ಹೋಗುತ್ತದೆ. ಗೊಂಬೆಯ ಬಾಯಿ ಮಾತಿಗೆ ತಕ್ಕ ಹಾಗೆ ತೆರೆದು ಮುಚ್ಚಬೇಕಾದ್ದರಿಂದ ಗಡಬಡಿಸಿ ಓಡಲೂ ಆಗದು, ಮಾತು ತನ್ನಿಂತಾನೇ ನಿಧಾನವಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಗೊಂಬೆಯ ಮುಖ ನಗುವುದಿಲ್ಲ, ಅಳುವುದಿಲ್ಲ. ಸಂತೋಷ, ಸಿಟ್ಟು, ಬೇಸರ ಎಲ್ಲವನ್ನೂ ದನಿಯಲ್ಲೇ ತರಬೇಕು. ಭಾವ ತುಂಬಿ ಮಾತಾಡು ಎಂದು ನೂರು ಸಲ ಹೇಳಿದರೂ ಆಗದ ಕೆಲಸ ಇದರಿಂದ ಆಗುತ್ತದೆ.

"ಉಪ್ಪ ಬಂದ್ರು" ಎಂಬ ಎರಡೇ ಶಬ್ದ ಸಾಕು. ಎರಡು ವರ್ಷದ ಮೇಲೆ ಗಲ್ಫ್‌ನಿಂದ ಉಪ್ಪ ಮನೆಗೆ ಬಂದ ದಿನ ಗೊಂಬೆ ಅದನ್ನು ಹೇಗೆ ಹೇಳುತ್ತದೆ? ಲೆಕ್ಕದಲ್ಲಿ ಅಂಕ ಕಡಿಮೆ ಬಂದ ದಿನ? ಕದ್ದು ಮಾವಿನಕಾಯಿ ಕೊಯ್ಯುವಾಗ? ಲ-ಳ ಕಲಿಸಲು ಅಂಗಡಿ ಆಟ. ಒಂದು ಗೊಂಬೆ "ಅರ್ಧ ಲೀಟರ್ ಹಾಳು ಕೊಡಿ" ಎನ್ನುತ್ತದೆ. ಅಂಗಡಿಯ ಗೊಂಬೆ "ನಿನ್ನೆಯದ್ದು ಹಾಳಾದದ್ದು ಉಂಟು, ಬೇಕಾ?" ಎನ್ನುತ್ತದೆ. ಮಕ್ಕಳು ಬಿದ್ದು ಬಿದ್ದು ನಗುತ್ತಾರೆ, ಆದರೆ ಈಗ ನಗುವುದು ಗೊಂಬೆಯನ್ನು ನೋಡಿ. ನಾಲಿಗೆ ಎಲ್ಲಿ ಮಡಚಬೇಕೆಂದು ಅವರೇ ಕಂಡುಕೊಳ್ಳುತ್ತಾರೆ.

ಈ ವಿದ್ಯೆ ಹೊರಗಿನಿಂದ ಬಂದದ್ದಲ್ಲ. ಕಾಸರಗೋಡಿನಲ್ಲೇ ಶ್ರೀ ಗೋಪಾಲಕೃಷ್ಣ ಯಕ್ಷಗಾನ ಬೊಂಬೆಯಾಟ ಸಂಘ ಇದೆ, ಕುಂದಾಪುರದ ಬಳಿ ಉಪ್ಪಿನಕುದ್ರುವಿನ ಗೊಂಬೆಯಾಟ ಹೆಸರುವಾಸಿ. ಮಾತಿನ ಮಟ್ಟಿಗೆ ಹೇಳುವುದಾದರೆ ತಾಳಮದ್ದಳೆಗಿಂತ ದೊಡ್ಡ ಶಾಲೆ ಕರಾವಳಿಯಲ್ಲಿಲ್ಲ. ಅಲ್ಲಿ ಅರ್ಥಧಾರಿಯ ಕೈಯಲ್ಲಿ ಬರೆದ ಸಂಭಾಷಣೆ ಇರುವುದಿಲ್ಲ. ಪ್ರಸಂಗದ ಪದ್ಯ ಗೊತ್ತು, ಕಥೆ ಗೊತ್ತು, ಎದುರಿನವರು ಏನು ಹೇಳುತ್ತಾರೋ ಕೇಳಿ ಅಲ್ಲೇ ಉತ್ತರ ಕೊಡಬೇಕು. ಆ ಕೂಟಗಳಲ್ಲಿ ಜಬ್ಬಾರ್ ಸಮೋ ಸಂಪಾಜೆಯವರ ಅರ್ಥ ಕೇಳಲೆಂದೇ ಹೋಗುವವರಿದ್ದಾರೆ.

ಗೊಂಬೆ ಮಾಡಬಹುದಾ ಎಂದು ಕೆಲವು ಪೋಷಕರು ಕೇಳುವುದುಂಟು. ಹಝ್ರತ್ ಆಯಿಶಾ(ರ) ತಾವು ಪ್ರವಾದಿ(ಸ)ಯವರ ಸನ್ನಿಧಿಯಲ್ಲಿ ಗೊಂಬೆಗಳೊಂದಿಗೆ ಆಡುತ್ತಿದ್ದುದನ್ನು ಹೇಳಿದ ಹದೀಸ್ ಸಹೀಹ್ ಬುಖಾರಿಯಲ್ಲಿದೆ. ತುರ್ಕಿಯ ಕಾರಾಗೋಜ್ ನೆರಳುಗೊಂಬೆ ಆಟ ಒಂದು ಕಾಲದಲ್ಲಿ ರಮಝಾನ್ ರಾತ್ರಿಗಳ ಮನರಂಜನೆಯೇ ಆಗಿತ್ತು. ಆದರೂ ಮನಸ್ಸು ಒಪ್ಪದವರು ಗೊಂಬೆಗೆ ಕಣ್ಣು-ಮೂಗು ಇಡುವುದು ಬೇಡ, ಒಂದು ಚಮಚ, ಒಂದು ಕೊಡೆಯೂ ಮಾತಾಡಬಲ್ಲದು.

ಕೆಡುವುದು ಹೆಚ್ಚಾಗಿ ದೊಡ್ಡವರಿಂದ. ಟೀಚರ್ ಸಂಭಾಷಣೆ ಬರೆದುಕೊಟ್ಟು ಕಲಿತು ಬಾ ಎಂದರೆ ಮತ್ತೆ ಅದೇ ಬಾಯಿಪಾಠ, ಕೈಯಲ್ಲೊಂದು ಕಾಲುಚೀಲ ಹೆಚ್ಚಾಯಿತು ಅಷ್ಟೆ. ಬಿ.ವಿ. ಕಾರಂತರು ಠಾಗೋರರ ಕಥೆಯಿಂದ ಮಾಡಿದ 'ಪಂಜರ ಶಾಲೆ' ನಾಟಕದ ಗಿಳಿಗೂ ವಿದ್ಯೆ ತುರುಕಿಯೇ ಗತಿ ಕೆಟ್ಟದ್ದು. ಮಕ್ಕಳಿಗೆ ಕಥೆ, ಸಂದರ್ಭ ಮಾತ್ರ ಕೊಡಬೇಕು: ಬಸ್ಸಿನಲ್ಲಿ ಚಿಲ್ಲರೆ ಇಲ್ಲ, ಕಂಡಕ್ಟರ್ ಬಯ್ಯುತ್ತಿದ್ದಾನೆ, ಮುಂದೇನು? ಮೊದಲ ಸುತ್ತು ಬ್ಯಾರಿಯಲ್ಲೇ ಆಗಲಿ, ಎರಡನೆಯದು ಕನ್ನಡದಲ್ಲಿ. ಮನೆಮಾತಿನಲ್ಲಿ ಒಮ್ಮೆ ಸಿಟ್ಟುಗೊಂಡ ಗೊಂಬೆ ಕನ್ನಡದಲ್ಲೂ ಸಿಟ್ಟುಗೊಳ್ಳುತ್ತದೆ. ಆಟದ ನಡುವೆ ಉಚ್ಚಾರ ತಿದ್ದಬಾರದು. ಏನೂ ಮಾತಾಡದ ಮಗುವಿಗೆ ಮೊದಲು ಕಾಗೆಯ ಪಾತ್ರ, ಬಸ್ಸಿನ ಹಾರ್ನ್ ಸಾಕು.

ಕೇರಳದ ಶಾಲಾ ಕಲೋತ್ಸವದಲ್ಲಿ ಕನ್ನಡ ಭಾಷಣ, ಪದ್ಯ, ಯಕ್ಷಗಾನ, ಅರಬಿ ನಾಟಕ ಎಲ್ಲ ಇವೆ, ಒಳ್ಳೆಯದೇ. ಆದರೆ ಅಲ್ಲಿಗೆ ಹೋಗುವುದು ಮೊದಲೇ ಮಾತು ಬಲ್ಲ ಮೂರ್ನಾಲ್ಕು ಮಕ್ಕಳು. ಉಳಿದವರಿಗೆ ವಾರಕ್ಕೊಮ್ಮೆ ಅರ್ಧ ಗಂಟೆ, ಎರಡು ಕುರ್ಚಿಯ ನಡುವೆ ಕಟ್ಟಿದ ಒಂದು ಹಳೇ ಬೆಡ್‌ಶೀಟ್ ಸಾಕು. ಮೊದಮೊದಲು ಆ ತೆರೆಯ ಹಿಂದೆ ಮಗು ಪೂರ್ತಿ ಅಡಗಿರಲಿ. ಕೆಲವು ವಾರದ ಮೇಲೆ ತೆರೆಯನ್ನು ಒಂದು ಗೇಣು ಇಳಿಸಬೇಕು, ಆಮೇಲೆ ತೆಗೆದೇಬಿಡಬೇಕು. ಕೊನೆಗೆ ಒಂದು ದಿನ ಗೊಂಬೆ ಚೀಲದಲ್ಲೇ ಉಳಿದು ಮಗು ತಾನೇ ಎದ್ದು ಮಾತಾಡುತ್ತದೆ. ಕೆಲವರಿಗೆ ಇದಕ್ಕೆ ಒಂದು ವರ್ಷವೇ ಬೇಕಾಗಬಹುದು. ಅಂಥವರ ಕೈಯಿಂದ ಗೊಂಬೆ ಕಸಿಯುವ ಅವಸರ ಮಾಡಬಾರದು.