ಏಳಲೊಲ್ಲದ ಸರ್ವರು

ಗಜೇಂದ್ರಗಡದ ಸೀಮೆಯ ಪುರ್ತಗೇರಿಯಂಥ ಗ್ರಾಮದಲ್ಲಿ ಕುಳಿತು ಕನ್ನಡ ವಿಕಿಪೀಡಿಯಾವನ್ನು ತೆರೆಯುವ ವಿದ್ಯಾರ್ಥಿಗೆ ಲೇಖನಗಳು ಮಾತ್ರವಲ್ಲದೆ, ಹುಡುಕುವುದಕ್ಕೂ ಸಂಪಾದಿಸುವುದಕ್ಕೂ ಹಳೆಯ ಪಾಠವನ್ನು ನೋಡುವುದಕ್ಕೂ ಬೇಕಾದ ಸೂಚನೆಗಳು ಸಹ ಕನ್ನಡದಲ್ಲಿಯೇ ಗೋಚರಿಸುತ್ತವೆ. 2003ರಲ್ಲಿ ಆರಂಭಗೊಂಡ ಈ ವಿಶ್ವಕೋಶದ ಬೆನ್ನೆಲುಬಾದ ಮೀಡಿಯಾವಿಕಿ ತಂತ್ರಾಂಶವು, ತನ್ನ ಕನ್ನಡ ಸೂಚನೆಗಳ ಕಡತವನ್ನೂ ಒಳಗೊಂಡು, 2012ರಲ್ಲಿ ಗಿಟ್ ವ್ಯವಸ್ಥೆಗೆ ಸ್ಥಳಾಂತರಗೊಳ್ಳುವವರೆಗೆ ಸಬ್‌ವರ್ಷನ್ ಎಂಬ ಆವೃತ್ತಿ ನಿಯಂತ್ರಣ ವ್ಯವಸ್ಥೆಯ ಭಂಡಾರದಲ್ಲಿ ಸಂರಕ್ಷಿತವಾಗಿತ್ತು. ಕೆಡಿಇ ಎಂಬ ಮುಕ್ತ ತಂತ್ರಾಂಶ ಸಮುದಾಯವೂ 2005ರಲ್ಲಿ ಸಬ್‌ವರ್ಷನ್ನನ್ನು ಆಶ್ರಯಿಸಿತು. ತನ್ನ ಮೂಲಸಂಕೇತವನ್ನು ಮುಂದೆ ಗಿಟ್‌ಗೆ ಒಯ್ದ ಮೇಲೂ, ಕನ್ನಡವೂ ಸೇರಿದಂತೆ ನಾನಾ ಭಾಷೆಗಳ ಅನುವಾದಗಳನ್ನು ಸಬ್‌ವರ್ಷನ್ನಿನಲ್ಲಿಯೇ ಉಳಿಸಿಕೊಂಡಿತು.

ಯಾವ ಕಡತದ ಯಾವ ಸಾಲನ್ನು ಯಾರು, ಎಂದು ತಿದ್ದಿದರೆಂಬುದನ್ನು ಅನುಕ್ರಮವಾಗಿ ದಾಖಲಿಸಿ, ಬೇಕೆನಿಸಿದಾಗ ಪೂರ್ವಸ್ಥಿತಿಯನ್ನು ಮರಳಿ ಒದಗಿಸುವುದೇ ಆವೃತ್ತಿ ನಿಯಂತ್ರಣದ ಧರ್ಮ. ಕೊಲ್ಯಾಬ್‌ನೆಟ್ ಸಂಸ್ಥೆಯು 2000ದಲ್ಲಿ ಕೈಗೆತ್ತಿಕೊಂಡ ಸಬ್‌ವರ್ಷನ್, 2004ರ ಫೆಬ್ರುವರಿಯಲ್ಲಿ ತನ್ನ ಪ್ರಥಮ ಪೂರ್ಣಾವೃತ್ತಿಯನ್ನು ಕಂಡಿತು. ಇಂಥ ಭಂಡಾರವನ್ನು ದೂರದೂರದ ಅನುವಾದಕರಿಗೆ ಸಾಮಾನ್ಯ ವೆಬ್ ವಿಳಾಸದ ಮೂಲಕವೇ ತಲುಪಿಸಬೇಕಾದಾಗ, 1995ರಿಂದ ಬಳಕೆಯಲ್ಲಿರುವ ಅಪಾಚೆ ವೆಬ್ ಸರ್ವರಿನ ಸಹಾಯ ಬೇಕಾಗುತ್ತದೆ. ಈ ಎರಡನ್ನು ಬೆಸೆಯುವ ಮಾಡ್ಯೂಲುಗಳು ಮುಖ್ಯವಾಗಿ ಮೂರು: ವೆಬ್ಬಿನ ಮೂಲಕ ಕಡತಗಳನ್ನು ಬರೆಯುವ ವಿಧಿಯನ್ನು ಸರ್ವರಿಗೆ ಕಲಿಸುವ ಮಾಡ್-ಡಾವ್, ಆ ವಿಧಿಯನ್ನು ಭಂಡಾರಕ್ಕೆ ಅನ್ವಯಿಸುವ ಮಾಡ್-ಡಾವ್-ಎಸ್‌ವಿಎನ್, ಮತ್ತು ಭಂಡಾರದ ಯಾವ ವಿಭಾಗಕ್ಕೆ ಯಾರಿಗೆ ಪ್ರವೇಶವುಂಟೆಂದು ನಿರ್ಣಯಿಸುವ ಮಾಡ್-ಆಥ್‌ಜಡ್-ಎಸ್‌ವಿಎನ್.

ತೊಡಕು ಹುಟ್ಟುವುದು ಈ ಸಂಧಿಯಲ್ಲಿಯೇ. ನಿನ್ನೆಯವರೆಗೆ ನಿರಾತಂಕವಾಗಿ ನಡೆಯುತ್ತಿದ್ದ ಸರ್ವರು, ಈ ಮಾಡ್ಯೂಲುಗಳನ್ನು ಸೇರಿಸಿದೊಡನೆಯೇ ಅಥವಾ ತಂತ್ರಾಂಶವನ್ನು ಹೊಸದಾಗಿಸಿದೊಡನೆಯೇ ಏಳಲು ನಿರಾಕರಿಸುತ್ತದೆ. ಭಂಡಾರಕ್ಕೆ ಸಂಬಂಧವೇ ಇಲ್ಲದ ಇತರ ಜಾಲತಾಣಗಳೂ ಅದರೊಡನೆ ಸ್ತಬ್ಧವಾಗುತ್ತವೆ. ಅಪಾಚೆಯು ಏಳುವ ಮುನ್ನ ತನ್ನ ಕಾನ್ಫಿಗ್ ಕಡತವನ್ನು ಮೊದಲಿನಿಂದ ಕೊನೆಯವರೆಗೆ ಓದುತ್ತದೆ. ಅದರಲ್ಲಿ ಒಂದೇ ಒಂದು ಆಜ್ಞೆ ಅರ್ಥವಾಗದಿದ್ದರೂ, ಅರ್ಧಂಬರ್ಧ ಸೇವೆಗಿಂತ ಸೇವೆಯಿಲ್ಲದಿರುವುದೇ ಲೇಸೆಂಬಂತೆ ಅಲ್ಲಿಗೇ ನಿಲ್ಲುತ್ತದೆ.

ಆದುದರಿಂದ ಪರಿಹಾರಾಕಾಂಕ್ಷಿಯಾದವನು ಪ್ರಥಮತಃ ಮಾಡಬೇಕಾದುದು ಕಾನ್ಫಿಗ್ ಪರೀಕ್ಷೆಯ ಆಜ್ಞೆಯನ್ನು ಕೊಟ್ಟು ಉತ್ತರವನ್ನು ಓದುವುದು. ಎಚ್‌ಟಿಟಿಪಿಡಿ ಎಂಬ ಆಜ್ಞೆಗೆ ‘-ಟಿ’ ಚಿಹ್ನೆಯನ್ನು ಸೇರಿಸಿದರೆ, ಸರ್ವರು ಏಳದೆಯೇ ತನ್ನ ಕಡತವನ್ನು ಪರಿಶೀಲಿಸಿ, ದೋಷವಿರುವ ಕಡತದ ಹೆಸರನ್ನೂ ಸಾಲಿನ ಸಂಖ್ಯೆಯನ್ನೂ ಹೇಳುತ್ತದೆ. ‘ಸಿಂಟ್ಯಾಕ್ಸ್ ಓಕೆ’ ಎಂಬ ಉತ್ತರ ಬಂದೂ ಸರ್ವರು ಏಳದಿದ್ದರೆ ಮಾಡ್ಯೂಲಿನ ಚಿಂತೆಯನ್ನು ಬಿಟ್ಟು, 80ನೆಯ ಪೋರ್ಟನ್ನು ಬೇರೊಂದು ತಂತ್ರಾಂಶ ಆಕ್ರಮಿಸಿದೆಯೇ ಎಂಬುದನ್ನು ನೋಡಬೇಕು.

ಪರೀಕ್ಷೆಯಲ್ಲಿಯೇ ದೋಷ ಕಂಡುಬಂದರೆ ಅದರ ಮಾತಿನಿಂದಲೇ ಕಾರಣವನ್ನು ಊಹಿಸಬಹುದು. ಡಾವ್ ಎಂಬ ಹೆಸರುಳ್ಳ ಚಿಹ್ನೆಯೊಂದು ‘ಅನ್‌ಡಿಫೈನ್ಡ್ ಸಿಂಬಲ್’ ಆಗಿದೆಯೆಂದು ಹೇಳಿದರೆ, ಮಾಡ್-ಡಾವ್ ಬರುವ ಮೊದಲೇ ಮಾಡ್-ಡಾವ್-ಎಸ್‌ವಿಎನ್ನನ್ನು ಕರೆಯಲಾಗಿದೆ. ಪುರ್ತಗೇರಿಯ ನೆರೆಯ ಗಜೇಂದ್ರಗಡದ ಮಗ್ಗದಲ್ಲಿ ಹಾಸನ್ನು ಬಿಗಿಯದೆ ಲಾಳಿಯನ್ನೆಸೆದರೆ ಪಟ್ಟೇದಂಚಿನ ಸೀರೆ ಹೇಗೆ ಮೂಡದೋ, ಆಧಾರವಿಲ್ಲದ ಈ ಮಾಡ್ಯೂಲೂ ಹಾಗೆಯೇ ನಿಲ್ಲಲಾರದು. ಕಾನ್ಫಿಗ್ ಕಡತದಲ್ಲಿ ಮಾಡ್ಯೂಲುಗಳನ್ನು ಕರೆಯುವ ಲೋಡ್‌ಮಾಡ್ಯೂಲ್ ಸಾಲುಗಳ ಕ್ರಮವನ್ನು ಸರಿಪಡಿಸಿದರೆ ಸಾಕು. ಕಡತವು ಕಣ್ಣಿಗೆ ಕಾಣುತ್ತಿದ್ದರೂ ‘ಮಾಡ್ಯೂಲ್ ಸಿಗಲಿಲ್ಲ’ವೆಂದು ವಿಂಡೋಸ್ ಗಣಕ ಹೇಳಿದರೆ, ಸಾಮಾನ್ಯವಾಗಿ ಸಿಗದಿರುವುದು ಆ ಮಾಡ್ಯೂಲು ನೆಚ್ಚಿಕೊಂಡ ಡಿಎಲ್‌ಎಲ್ ಗ್ರಂಥಾಲಯ, ಸಬ್‌ವರ್ಷನ್ನಿನ ಡಿಎಲ್‌ಎಲ್‌ಗಳನ್ನು ಅಪಾಚೆಗೆ ಕಾಣುವಂತೆ ಇರಿಸಬೇಕು. 64 ಬಿಟ್ಟಿನ ಸರ್ವರಿಗೆ 32 ಬಿಟ್ಟಿನ ಮಾಡ್ಯೂಲೂ ಹೊಂದದು.

ಮತ್ತೊಂದು ಕಾರಣ ಆವೃತ್ತಿಗಳ ವೈಷಮ್ಯ. ಅಪಾಚೆಯ ಪ್ರತಿಯೊಂದು ಪೀಳಿಗೆಗೂ ಒಂದು ಮುದ್ರಾಸಂಖ್ಯೆಯುಂಟು: 2.2ರದು 20051115, 2.4ರದು 20120211. ವರ್ಷ, ಮಾಸ, ದಿನಗಳ ಕ್ರಮದಲ್ಲಿ ಬರೆದ ಈ ಸಂಖ್ಯೆಯು ಮಾಡ್ಯೂಲಿನಲ್ಲಿಯೂ ಅಚ್ಚಾಗಿರುತ್ತದೆ. ಎರಡೂ ಹೊಂದದಿದ್ದರೆ ಸರ್ವರು ಸಿಕ್ಕಿದ ಸಂಖ್ಯೆಯನ್ನೂ ಬೇಕಾದ ಸಂಖ್ಯೆಯನ್ನೂ ಅಕ್ಕಪಕ್ಕದಲ್ಲಿ ನಮೂದಿಸಿ ವಿರಮಿಸುತ್ತದೆ. ಇಲ್ಲಿ ಸಾಲುಗಳನ್ನು ತಿದ್ದಿ ಪ್ರಯೋಜನವಿಲ್ಲ. ಆ ಪೀಳಿಗೆಯ ಅಪಾಚೆಗಾಗಿ ನಿರ್ಮಿತವಾದ ಮಾಡ್ಯೂಲನ್ನೇ ತರಬೇಕು.

ಇಷ್ಟೆಲ್ಲ ಓದುವ ವ್ಯವಧಾನವಿಲ್ಲದವರು ಅನುಸರಿಸುವ ಸುಲಭೋಪಾಯವೊಂದಿದೆ: ತಕರಾರಿನ ಸಾಲಿನ ಮೊದಲಿಗೆ ಹ್ಯಾಶ್ ಗುರುತನ್ನಿಟ್ಟು ಅದನ್ನು ನಿಷ್ಕ್ರಿಯಗೊಳಿಸುವುದು. ಆ ಸಾಲು ಮಾಡ್-ಆಥ್‌ಜಡ್-ಎಸ್‌ವಿಎನ್ನಿನದಾಗಿದ್ದರೆ, ಪ್ರವೇಶಾಧಿಕಾರದ ಪಟ್ಟಿಯನ್ನು ಸೂಚಿಸುವ ಆಜ್ಞೆಯನ್ನು ಸರ್ವರು ಈಗ ಗುರುತಿಸದೆ ಮತ್ತೆ ನಿಲ್ಲುತ್ತದೆ. ಅದನ್ನೂ ಅಳಿಸಿದರೆ ಸರ್ವರೇನೋ ಏಳುವುದು. ಆದರೆ ವಿಭಾಗಶಃ ನಿರ್ಬಂಧಗಳೆಲ್ಲ ಮಾಯವಾಗಿ, ಒಳಬರಲು ಅನುಮತಿಯುಳ್ಳ ಪ್ರತಿಯೊಬ್ಬನಿಗೂ ಸಮಸ್ತ ಭಂಡಾರವೂ ತೆರೆದುಕೊಳ್ಳುವುದು. ಎರಡು ಬಾರಿಯೂ ಸರ್ವರಿನ ನಿರಾಕರಣೆಯು ಭಂಡಾರದ ರಕ್ಷಣೆಯನ್ನೇ ಮಾಡುತ್ತಿತ್ತೆಂಬುದು ಆಗ ಮನವರಿಕೆಯಾಗುವುದು.

ಈ ಆತುರಕ್ಕೆ ಎಡೆಗೊಡದ ಪೂರ್ವಸಿದ್ಧತೆಯೂ ಸುಲಭವಾದುದೇ. ಕಾನ್ಫಿಗ್ ಕಡತವನ್ನೂ ಸಬ್‌ವರ್ಷನ್ನಿನ ಅಧೀನದಲ್ಲಿರಿಸಿ, ಸುಸ್ಥಿತಿಯಲ್ಲಿ ನಡೆಯುವ ಪಾಠವನ್ನು ಕಾಲಕಾಲಕ್ಕೆ ದಾಖಲಿಸುತ್ತಿದ್ದರೆ, ಬಳಕೆದಾರನ ಗಣಕದಲ್ಲಿರುವ ಪ್ರತಿಯೊಳಗೆ ಕೊನೆಯದಾಗಿ ಪಡೆದ ಪಾಠದ ಅಚ್ಚಳಿಯದ ನಕಲೊಂದು ಉಳಿದಿರುತ್ತದೆ. ಸರ್ವರು ಬಿದ್ದಿರುವಾಗಲೂ ಆ ನಕಲಿನೊಡನೆ ಹೋಲಿಸಿ ಬದಲಾದ ಸಾಲು ಯಾವುದೆಂದು ಕಾಣಬಹುದು, ಬೇಕಾದರೆ ಹಿಂದಕ್ಕೂ ಮರಳಬಹುದು. ಅನಂತರ ಮಾಡ್ಯೂಲಿನ ಪೀಳಿಗೆಯನ್ನೂ ಕ್ರಮವನ್ನೂ ಸಾವಧಾನವಾಗಿ ಹೊಂದಿಸಿಕೊಳ್ಳಬಹುದು.